ಟಾಲ್, ಹೈ, ಹೈಟ್: ಇಂಗ್ಲಿಷ್‌ನಲ್ಲಿ ಎತ್ತರ ಹೇಳುವುದಕ್ಕೆ ಸಮಗ್ರ ಮಾರ್ಗದರ್ಶಿ

'ಹಿ ಈಸ್ ಹೈ.' 'ಮೈ ಹೈಟ್ ಈಸ್ ಟಾಲ್.' 'ಐ ಆ್ಯಮ್ 5.6 ಫೀಟ್.' ಚೆನ್ನಾಗಿ ಓದಿಕೊಂಡವರೂ ಈ ಮೂರು ವಾಕ್ಯಗಳಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಅವರಿಗೆ ವ್ಯಾಕರಣ ಬಾರದು ಎಂದಲ್ಲ. ಕನ್ನಡದ 'ಎತ್ತರ' ಎಂಬ ಪದವನ್ನು ಹಿಡಿದುಕೊಂಡು ಅದಕ್ಕೊಂದು ಇಂಗ್ಲಿಷ್ ಪದ ಹುಡುಕುತ್ತಾರೆ. ಯಾವ ವಸ್ತುವಿನ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದನ್ನು ಕೊನೆಗೆ ನೋಡುತ್ತಾರೆ, ಅಥವಾ ನೋಡುವುದೇ ಇಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೇ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಮುಖ್ಯವಾಗಿ ಮೊದಲ ನಾಲ್ಕನ್ನು ಹಾರಿಸಬೇಡಿ.

ಶುರು ಮಾಡುವ ಮುನ್ನ ಬೇಕಾದದ್ದು

ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್ ಇರುವ ಅಳತೆ ಟೇಪು ಬೇಕು. ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ನಿಘಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಮಾಡುತ್ತೇನೆ. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದರಲ್ಲಿ ಟಾಲ್ ಎಂದರೂ ಎತ್ತರ, ಹೈ ಎಂದರೂ ಎತ್ತರ ಎಂದೇ ಸಿಗುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ಇಂಗ್ಲಿಷ್-ಇಂಗ್ಲಿಷ್ ನಿಘಂಟುಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಓದಿ. ಯಾವ ವಸ್ತುವಿನ ಜೊತೆ ಯಾವ ಪದ ಬರುತ್ತದೆ ಎಂದು ಅವೇ ತೋರಿಸುತ್ತವೆ.

ಹಂತ 1: ಪದ ಬಿಟ್ಟು ವಸ್ತು ನೋಡಿ

ಕನ್ನಡದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಪದ ಬಳಸುತ್ತೇವೆ. ತೆಂಗಿನ ಮರ ಎತ್ತರ. ಹದ್ದು ಎತ್ತರದಲ್ಲಿ ಹಾರುತ್ತಿದೆ. ಮೇಜಿನ ಎತ್ತರ ಎರಡೂವರೆ ಅಡಿ. ಇಂಗ್ಲಿಷ್‌ನಲ್ಲಿ ಇವು ಮೂರಕ್ಕೂ ಬೇರೆ ಪದ: ಮೊದಲನೆಯದು ಟಾಲ್, ಎರಡನೆಯದು ಹೈ, ಮೂರನೆಯದು ಹೈಟ್.

ಇನ್ನೊಂದು ತೊಡಕಿದೆ. ಮನುಷ್ಯರಿಗೆ ನಾವು 'ಉದ್ದ' ಅಂತಲೂ ಹೇಳುತ್ತೇವೆ. 'ನಿಮ್ಮ ಮಗ ಎಷ್ಟು ಉದ್ದ ಆಗಿಬಿಟ್ಟಿದ್ದಾನೆ!' ಇದನ್ನು ಹಾಗೇ ಇಂಗ್ಲಿಷಿಗೆ ತಂದರೆ 'ಹಿ ಈಸ್ ಲಾಂಗ್' ಆಗುತ್ತದೆ. ಇದು ತಪ್ಪು. ನಿಂತ ಮನುಷ್ಯನಿಗೆ ಲಾಂಗ್ ಬರುವುದಿಲ್ಲ. ಕೂದಲು, ಕಾಲು, ಕತ್ತು, ಮೂಗು ಇವು ಲಾಂಗ್ ಆಗಬಹುದು. ಜಿರಾಫೆಯ ಕತ್ತು ಲಾಂಗ್, ಜಿರಾಫೆ ಟಾಲ್.

ಬಾಯಿ ತೆರೆಯುವ ಮೊದಲು ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ:

1. ನಾನು ಹೇಳುತ್ತಿರುವುದು ಕಣ್ಣಿಗೆ ಕಾಣುವ ವಸ್ತುವಿನ ಬಗ್ಗೆಯೇ? ಅಲ್ಲದಿದ್ದರೆ, ಅಂದರೆ ಬೆಲೆ, ಜ್ವರ, ಬಿಪಿ, ವೇಗ ಇಂಥದ್ದಾದರೆ ಹೈ.
2. ಅದು ಮನುಷ್ಯನೇ, ಮರವೇ? ಹೌದಾದರೆ ಟಾಲ್. ಇಲ್ಲಿಗೆ ನಿಲ್ಲಿಸಿ.
3. ವಸ್ತು ಎಲ್ಲಿದೆ ಎಂದು ಹೇಳುತ್ತಿದ್ದೇನೋ, ಹೇಗಿದೆ ಎಂದೋ? ಎಲ್ಲಿದೆ ಎಂದಾದರೆ ಹೈ. ಹೇಗಿದೆ ಎಂದಾದರೆ ಮುಂದಿನ ಎರಡು ಹಂತ ನೋಡಿ.

ಹಂತ 2: ಬುಡದಿಂದ ತುದಿಯವರೆಗೆ ಇದ್ದರೆ ಟಾಲ್

ಅಗಲಕ್ಕಿಂತ ಎತ್ತರವೇ ಎದ್ದು ಕಾಣುವ, ನೆಲದಿಂದ ನೆಟ್ಟಗೆ ಮೇಲೆದ್ದ ವಸ್ತುವಿಗೆ ಟಾಲ್. ಅಡಿಕೆ ಮರ, ಕರೆಂಟ್ ಕಂಬ, ಮಿನಾರು, ಇಟ್ಟಿಗೆ ಗೂಡಿನ ಚಿಮಣಿ, ಏಣಿ, ಕಬ್ಬಿನ ಪೈರು, ಉದ್ದನೆಯ ಗಾಜಿನ ಲೋಟ ಎಲ್ಲವೂ ಟಾಲ್. ಕಟ್ಟಡಗಳಿಗೂ ಸಾಮಾನ್ಯವಾಗಿ ಇದೇ. ದುಬೈನ ಬುರ್ಜ್ ಖಲೀಫಾ 828 ಮೀಟರ್ ಟಾಲ್. ಗುಜರಾತಿನ ಏಕತಾ ಪ್ರತಿಮೆ 182 ಮೀಟರ್ ಟಾಲ್.

ಮನುಷ್ಯರ ವಿಷಯದಲ್ಲಿ ಯೋಚಿಸುವುದೇ ಬೇಡ, ಯಾವಾಗಲೂ ಟಾಲ್. 'ಹಿ ಈಸ್ ಹೈ' ಎಂದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಆದರೆ ಕೇಳಿದವರಿಗೆ 'ಅವನು ಅಮಲಿನಲ್ಲಿದ್ದಾನೆ' ಎಂದು ಅರ್ಥವಾಗುತ್ತದೆ. ಸಹೋದ್ಯೋಗಿಯ ಬಗ್ಗೆ, ಮಗನ ಬಗ್ಗೆ ಹೀಗೆ ಹೇಳಿದರೆ ಏನಾಗಬಹುದು ಯೋಚಿಸಿ. ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅಪಾಯ ಇದೇ.

ಬಹಳ ಜನ ಗಮನಿಸದ ಒಂದು ಮಾತು. ಅಳತೆ ಹೇಳುವಾಗ ಟಾಲ್ ಎಂದರೆ 'ಎತ್ತರದವನು' ಎಂಬ ಅರ್ಥ ಇರುವುದಿಲ್ಲ. ಮೂರಡಿಯ ಮಗುವನ್ನೂ 'ಥ್ರೀ ಫೀಟ್ ಟಾಲ್' ಅಂತಲೇ ಹೇಳುತ್ತಾರೆ. ಕುಳ್ಳಗಿರುವವರಿಗೂ 'ಹೌ ಟಾಲ್ ಆರ್ ಯು?' ಎಂದೇ ಕೇಳುತ್ತಾರೆ. ಅದರಲ್ಲಿ ಅಣಕ ಇಲ್ಲ. 'ಹೌ ಶಾರ್ಟ್ ಆರ್ ಯು?' ಎಂದು ಕೇಳಿದರೆ ಮಾತ್ರ ನೋವಾಗುತ್ತದೆ.

ಎರಡು ವರ್ಷದೊಳಗಿನ ಕೂಸುಗಳಿಗೆ ನಿಯಮ ಬೇರೆ. ಅವನ್ನು ಮಲಗಿಸಿ ಅಳೆಯುತ್ತಾರೆ. ಹಾಗಾಗಿ ಆಸ್ಪತ್ರೆಯ ಕಾರ್ಡಿನಲ್ಲಿ ಹೈಟ್ ಬದಲು ಲೆಂತ್ ಎಂದಿರುತ್ತದೆ. ಹುಟ್ಟಿದ ಮಗು 50 ಸೆಂಟಿಮೀಟರ್ ಇದ್ದರೆ 'ಫಿಫ್ಟಿ ಸೆಂಟಿಮೀಟರ್ಸ್ ಲಾಂಗ್' ಎನ್ನಬೇಕು. ನಿಲ್ಲಿಸಿ ಅಳೆಯುವ ವಯಸ್ಸು ಬಂದ ಮೇಲೆ ಟಾಲ್.

ಹಂತ 3: ಜಾಗದ ಮಾತಾದರೆ, ಅಗಲವಾದ ವಸ್ತುವಾದರೆ ಹೈ

ನೆಲದಿಂದ ದೂರ ಇರುವುದೆಲ್ಲ ಹೈ. ಮೋಡ, ಗಾಳಿಪಟ, ಕೈಗೆಟುಕದ ಅಟ್ಟ, ಮರದ ತುದಿಯ ಕೊಂಬೆ. ಇವುಗಳ ಆಕಾರ ಹೇಗಾದರೂ ಇರಲಿ, ನಾವು ಹೇಳುತ್ತಿರುವುದು ಅವು ಇರುವ ಜಾಗ.

ಅದರ ಜೊತೆಗೆ, ಅಡ್ಡಕ್ಕೆ ಚಾಚಿಕೊಂಡ ವಸ್ತುಗಳಿಗೂ ಹೈ ಬರುತ್ತದೆ: ಬೆಟ್ಟ, ಗೋಡೆ, ಬೇಲಿ, ಅಣೆಕಟ್ಟು, ಸೂರು. ಜಲಪಾತಕ್ಕೂ ಇದೇ. ಜೋಗ 253 ಮೀಟರ್ ಹೈ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕರ್ನಾಟಕದ 'ಹೈಯೆಸ್ಟ್ ಪೀಕ್', ಎತ್ತರ ಸುಮಾರು 1,930 ಮೀಟರ್.

ಕಿಟಕಿಯ ಪರೀಕ್ಷೆ ಮಾಡಿ ನೋಡಿ. ನೆಲದಿಂದ ಹೆಚ್ಚುಕಮ್ಮಿ ಸೂರಿನ ತನಕ ಇರುವ ಕಿಟಕಿ 'ಎ ಟಾಲ್ ವಿಂಡೋ'. ಗೋಡೆಯ ಮೇಲ್ತುದಿಯಲ್ಲಿರುವ ಪುಟ್ಟ ಗಾಳಿಕಿಂಡಿ 'ಎ ಹೈ ವಿಂಡೋ'. ಕಿಟಕಿ ಚಿಕ್ಕದಾದರೂ ಅದು ಹೈ, ಯಾಕೆಂದರೆ ಮೇಲಿದೆ. ಈ ಒಂದು ಜೋಡಿ ಸರಿಯಾಗಿ ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಶ್ರವಣಬೆಳಗೊಳದಲ್ಲಿ ಎರಡೂ ಪದ ಒಂದೇ ಕಡೆ ಸಿಗುತ್ತವೆ. ಗೊಮ್ಮಟೇಶ್ವರ ಮೂರ್ತಿ ಸುಮಾರು 57 ಅಡಿ. ಆ ಮೂರ್ತಿ ಟಾಲ್. ಅದು ವಿಂಧ್ಯಗಿರಿಯ ನೆತ್ತಿಯಲ್ಲಿ, ಊರಿನಿಂದ ಬಹಳ ಮೇಲೆ ನಿಂತಿದೆ. ಅಲ್ಲಿ ಹೈ: 'ದ ಸ್ಟ್ಯಾಚು ಸ್ಟ್ಯಾಂಡ್ಸ್ ಹೈ ಅಬೌ ದ ಟೌನ್.' ಅದೇ ಮೂರ್ತಿಯನ್ನು ತಗ್ಗಿನಲ್ಲಿ ನಿಲ್ಲಿಸಿದ್ದರೂ ಅದು ಟಾಲ್ ಆಗಿಯೇ ಇರುತ್ತಿತ್ತು, ಹೈ ಆಗುತ್ತಿರಲಿಲ್ಲ.

ಎರಡೂ ಪದ ಓಡುವ ಜಾಗಗಳೂ ಇವೆ. ಕಟ್ಟಡಕ್ಕೆ ಹೈ ಬಂದರೂ ತಪ್ಪೇನಲ್ಲ, ಬಹುಮಹಡಿ ಕಟ್ಟಡಕ್ಕೆ 'ಹೈ-ರೈಸ್' ಎಂದೇ ಹೆಸರು. ಗೋಡೆ, ಬೇಲಿಗಳಿಗೆ ಟಾಲ್ ಎನ್ನುವವರೂ ಇದ್ದಾರೆ. ಬೆಟ್ಟದ ವಿಷಯದಲ್ಲಿ ಒಂದು ಸೊಗಸಾದ ವ್ಯತ್ಯಾಸ ಕಾಣುತ್ತದೆ. ಎವರೆಸ್ಟ್ ಸಮುದ್ರ ಮಟ್ಟದಿಂದ 8,848.86 ಮೀಟರ್, ಅದಕ್ಕೇ 'ಹೈಯೆಸ್ಟ್'. ಹವಾಯಿಯ ಮೌನಾ ಕೇಯಾ ಸಮುದ್ರ ಮಟ್ಟದಿಂದ ಸುಮಾರು 4,200 ಮೀಟರ್ ಅಷ್ಟೇ. ಆದರೆ ಅದರ ಬುಡ ಸಮುದ್ರದ ತಳದಲ್ಲಿದೆ. ಬುಡದಿಂದ ತುದಿಗೆ ಅಳೆದರೆ 10,000 ಮೀಟರ್ ದಾಟುತ್ತದೆ. ಅದಕ್ಕೆ 'ಟಾಲೆಸ್ಟ್' ಎನ್ನುವುದುಂಟು. ಕಲಿಯುವಾಗ ಮಾತ್ರ ಬೆಟ್ಟ, ಗೋಡೆಗಳಿಗೆ ಹೈ, ಕಟ್ಟಡಕ್ಕೆ ಟಾಲ್ ಎಂದು ಹಿಡಿದುಕೊಳ್ಳಿ. ಎಲ್ಲೂ ತಪ್ಪಾಗುವುದಿಲ್ಲ.

ಹೈನ ಇನ್ನೊಂದು ಗುಂಪು ನಿಮಗೆ ಈಗಾಗಲೇ ಬರುತ್ತದೆ. 'ಬಿಪಿ ಹೈ ಇದೆ', 'ಶುಗರ್ ಹೈ ಆಗಿದೆ' ಎಂದು ಮನೆಮನೆಯಲ್ಲೂ ಹೇಳುತ್ತಾರಲ್ವಾ, ಅದು ಇಂಗ್ಲಿಷ್‌ನಲ್ಲೂ ಹಾಗೇ. ಬೆಲೆ, ಅಂಕ, ಶಾಖ, ವೇಗ ಎಲ್ಲಕ್ಕೂ ಹೈ. ಏರು ಸ್ವರಕ್ಕೂ ಹೈ. ಇವುಗಳಲ್ಲಿ ಯಾವುದಕ್ಕೂ ಟಾಲ್ ಬಾರದು.

ಹಂತ 4: ಅಂಕಿ ಸಮೇತ ಹೇಳುವುದು

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಅರ್ಜಿಗಳು, ಪ್ರೊಫೈಲ್‌ಗಳು ಕೆಡುವುದು ಇಲ್ಲೇ.

ಮೊದಲು ಅಳೆಯಿರಿ. ಚಪ್ಪಲಿ ಬಿಟ್ಟು, ತುರುಬು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿ. ನೋಟ ನೇರ ಇರಲಿ. ಇನ್ನೊಬ್ಬರು ದಪ್ಪ ರಟ್ಟಿನ ಪುಸ್ತಕವನ್ನು ತಲೆಯ ಮೇಲಿಟ್ಟು, ಅದರ ಬೆನ್ನು ಗೋಡೆಗೆ ಒತ್ತಿ, ಕೆಳಗೆ ಗುರುತು ಹಾಕಲಿ. ಬೆಳಗ್ಗೆ ಅಳೆದದ್ದಕ್ಕಿಂತ ಸಂಜೆ ಅಳೆದದ್ದು ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರಬಹುದು. ದಿನವಿಡೀ ನಿಂತು ಕೂತು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿಕೊಳ್ಳುತ್ತವೆ. ಗಾಬರಿ ಬೇಡ.

ಆಮೇಲೆ ವಾಕ್ಯ ಕಟ್ಟಿ. ಕ್ರಮ ಹೀಗೆ: ಅಂಕಿ, ಅಳತೆಯ ಹೆಸರು, ಕೊನೆಗೆ ಟಾಲ್. 'ಐ ಆ್ಯಮ್ ಫೈವ್ ಫೀಟ್ ಸಿಕ್ಸ್ ಇಂಚಸ್ ಟಾಲ್.' ಮಾತಿನಲ್ಲಿ 'ಐ ಆ್ಯಮ್ ಫೈವ್ ಫುಟ್ ಸಿಕ್ಸ್' ಎಂದರೆ ಸಾಕು. 'ಟಾಲ್ ಫೈವ್ ಫೀಟ್' ಎಂದಾಗಲಿ, 'ಐ ಹ್ಯಾವ್ ಫೈವ್ ಫೀಟ್' ಎಂದಾಗಲಿ ಹೇಳಬೇಡಿ. ಎತ್ತರವನ್ನು ಹೊಂದುವುದಲ್ಲ, ಅಷ್ಟು ಎತ್ತರ 'ಇರುವುದು'. ಹಾಗಾಗಿ ಆ್ಯಮ್, ಈಸ್, ಆರ್.

ಫುಟ್ ಮತ್ತು ಫೀಟ್ ಗಮನಿಸಿ. ಅಳತೆಯು ನಾಮಪದದ ಮುಂಚೆ ಬಂದು ವಿಶೇಷಣವಾದರೆ ಏಕವಚನ, ನಡುವೆ ಅಡ್ಡಗೆರೆ: 'ಎ ಸಿಕ್ಸ್-ಫುಟ್-ಟಾಲ್ ಬಾಯ್', 'ಎ ಟೆನ್-ಫುಟ್ ವಾಲ್'. 'ಟೆನ್-ಫೀಟ್ ವಾಲ್' ತಪ್ಪು.

ಈಗ ಚುಕ್ಕೆಯ ವಿಷಯ. ಐದು ಅಡಿ ಆರು ಇಂಚನ್ನು ನಮ್ಮಲ್ಲಿ ಸುಮ್ನೆ 5.6 ಎಂದು ಬರೆದುಬಿಡುತ್ತಾರೆ. ಓದುವಾಗಲೂ 'ಫೈವ್ ಪಾಯಿಂಟ್ ಸಿಕ್ಸ್' ಎನ್ನುತ್ತಾರೆ. ಲೆಕ್ಕದ ಪ್ರಕಾರ ಇದು ಬೇರೆಯೇ ಎತ್ತರ. ಒಂದು ಅಡಿಗೆ ಹನ್ನೆರಡು ಇಂಚು, ಹತ್ತಲ್ಲ. 5.6 ಅಡಿ ಎಂದರೆ ಐದು ಅಡಿ 7.2 ಇಂಚು, ಅಂದರೆ 170.7 ಸೆಂಟಿಮೀಟರ್. ನಿಜವಾದ ಐದು ಅಡಿ ಆರು ಇಂಚು 167.6 ಸೆಂಟಿಮೀಟರ್. ಮೂರು ಸೆಂಟಿಮೀಟರ್ ಸುಳ್ಳು ಸೇರಿತು.

ಐದು ಅಡಿ ಹತ್ತು ಇಂಚಿನವರ ಪಾಡು ಇನ್ನೂ ಕಷ್ಟ. ಅವರು 5.10 ಎಂದು ಎಕ್ಸೆಲ್‌ನಲ್ಲಿ ತುಂಬಿದರೆ ಅದು ಕೊನೆಯ ಸೊನ್ನೆ ತೆಗೆದು 5.1 ಮಾಡಿಬಿಡುತ್ತದೆ. 177.8 ಸೆಂಟಿಮೀಟರ್ ಇದ್ದವರು ಕಾಗದದ ಮೇಲೆ 155.4 ಸೆಂಟಿಮೀಟರ್ ಆಗುತ್ತಾರೆ. 5.11 ಇದ್ದವರು ಪಟ್ಟಿಯಲ್ಲಿ 5.2 ಇದ್ದವರಿಗಿಂತ ಕೆಳಗೆ ಹೋಗುತ್ತಾರೆ. ಪೊಲೀಸ್ ನೇಮಕಾತಿಯಂಥ ಕಡೆ ಎತ್ತರಕ್ಕೆ ಕನಿಷ್ಠ ಮಿತಿ ಇರುತ್ತದೆ. ಅಲ್ಲಿ ಈ ತಪ್ಪು ಬೆಲೆ ತೆರಿಸುತ್ತದೆ.

ಸರಿಯಾದ ಬರಹ 5'6". ಒಂದು ಗೀಟು ಅಡಿಗೆ, ಎರಡು ಗೀಟು ಇಂಚಿಗೆ. ಅರ್ಜಿ ಸೆಂಟಿಮೀಟರ್ ಕೇಳಿದರೆ ಹೀಗೆ ಮಾಡಿ:

1. ಅಡಿಯನ್ನು 12ರಿಂದ ಗುಣಿಸಿ. 5 × 12 = 60.
2. ಉಳಿದ ಇಂಚು ಕೂಡಿಸಿ. 60 + 6 = 66.
3. 2.54ರಿಂದ ಗುಣಿಸಿ. 66 × 2.54 = 167.64.

ಒಂದು ಅಡ್ಡ ಮಾತು. ಕುದುರೆಗಳ ಎತ್ತರವನ್ನು 'ಹ್ಯಾಂಡ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ ನಾಲ್ಕು ಇಂಚು. ಅಲ್ಲಿ 15.2 ಎಂದರೆ ಹದಿನೈದು ಹ್ಯಾಂಡ್, ಎರಡು ಇಂಚು ಎಂದೇ ಅರ್ಥ. ಆ ವಲಯದಲ್ಲಿ ಎಲ್ಲರೂ ಒಪ್ಪಿಕೊಂಡ ರೂಢಿ ಅದು. ಜೊತೆಗೆ ಬರುವ ಪದವೂ ಟಾಲ್ ಅಲ್ಲ, 'ಹ್ಯಾಂಡ್ಸ್ ಹೈ'. ಮನುಷ್ಯರಿಗೆ ಈ ರಿಯಾಯಿತಿ ಇಲ್ಲ.

ಹಂತ 5: ಹೈಟ್ ಎಲ್ಲಿ ಬರುತ್ತದೆ

'ಹುಡುಗ ಒಳ್ಳೆ ಹೈಟು', 'ಎಷ್ಟು ಹೈಟ್ ಆಗಿದ್ದಾನೆ ನೋಡು' ಎಂದು ಕನ್ನಡದಲ್ಲಿ ಹೇಳುತ್ತೇವೆ. ಕನ್ನಡದಲ್ಲಿ ಅದು ಸರಿ. ಆ ಅಭ್ಯಾಸ ಇಂಗ್ಲಿಷ್ ವಾಕ್ಯಕ್ಕೆ ನುಗ್ಗಿ 'ಹಿ ಈಸ್ ಹೈಟ್' ಆಗುತ್ತದೆ. ಇಂಗ್ಲಿಷ್‌ನಲ್ಲಿ ಹೈಟ್ ಎಂಬುದು ನಾಮಪದ. ಅದು ಎತ್ತರದ ಅಳತೆಯ ಹೆಸರು, ಮನುಷ್ಯನ ಗುಣ ಹೇಳುವ ಪದ ಅಲ್ಲ.

'ಮೈ ಹೈಟ್ ಈಸ್ 168 ಸೆಂಟಿಮೀಟರ್ಸ್' ಸರಿ, ಅರ್ಜಿಯ ಭಾಷೆಗೆ ಹೊಂದುತ್ತದೆ. 'ಮೈ ಹೈಟ್ ಈಸ್ ಟಾಲ್' ತಪ್ಪು. ಟಾಲ್ ಆಗಿರುವುದು ನೀವು, ನಿಮ್ಮ ಹೈಟ್ ಅಲ್ಲ. ನಡುತರ ಎತ್ತರ ಇದ್ದರೆ 'ಆಫ್ ಮೀಡಿಯಂ ಹೈಟ್'. ಇಬ್ಬರೂ ಒಂದೇ ಎತ್ತರ ಇದ್ದರೆ 'ದೇ ಆರ್ ದ ಸೇಮ್ ಹೈಟ್'. 'ಸೇಮ್ ಟಾಲ್' ಅಂತ ಒಂದು ಪ್ರಯೋಗವೇ ಇಲ್ಲ.

ಕೊನೆಗೆ ಎಸ್ ಸೇರಿಸಿದರೆ ಎತ್ತರದ ಜಾಗಗಳು ಎಂದಾಗುತ್ತದೆ. ಮೇಲಿಂದ ಕೆಳಗೆ ನೋಡಲು ಭಯವಾದರೆ 'ಅಫ್ರೇಡ್ ಆಫ್ ಹೈಟ್ಸ್'. ಕಾಗುಣಿತದಲ್ಲಿ ಎಚ್ ಆದಮೇಲೆ ಇ, ಆಮೇಲೆ ಐ. ಆ 'ಇ' ಬಿಟ್ಟು ಬರೆಯುವವರು ಬಹಳ.

ಹಂತ 6: ಹೋಲಿಸುವುದು

ಟಾಲ್, ಟಾಲರ್, ಟಾಲೆಸ್ಟ್. ಮೋರ್, ಮೋಸ್ಟ್ ಬೇಡ. 'ಮೋರ್ ಟಾಲರ್' ಎಂದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿದಂತೆ. ತುಂಬಾ ಎತ್ತರ ಎನ್ನಲು 'ವೆರಿ ಟಾಲ್', ಆದರೆ ಹೋಲಿಕೆಯಲ್ಲಿ 'ಮಚ್ ಟಾಲರ್'. 'ವೆರಿ ಟಾಲರ್' ಕಿವಿಗೆ ಬಿದ್ದ ಕೂಡಲೇ ತಪ್ಪು ಎಂದು ಗೊತ್ತಾಗಬೇಕು.

'ಅವಳು ನನಗಿಂತ ಎರಡು ಇಂಚು ಎತ್ತರ' ಎನ್ನಲು ಕನ್ನಡದ ಹಾಗೆ ಅಳತೆಯನ್ನು ಎತ್ತರದ ಮುಂಚೆಯೇ ಇಡಿ: 'ಶಿ ಈಸ್ ಟು ಇಂಚಸ್ ಟಾಲರ್ ದ್ಯಾನ್ ಮಿ.' ಇಲ್ಲಿ ಎರಡು ಭಾಷೆಯ ಕ್ರಮ ಕೂಡಿಬರುತ್ತದೆ. ಅಷ್ಟೇ ಎತ್ತರ ಎನ್ನಲು 'ಆ್ಯಸ್ ಟಾಲ್ ಆ್ಯಸ್'. ಈ ಎರಡು ಆ್ಯಸ್‌ಗಳ ನಡುವೆ ಟಾಲರ್ ಸೇರಿಸಬೇಡಿ. ಟಾಲೆಸ್ಟ್ ಜೊತೆ ದ್ಯಾನ್ ಬರುವುದಿಲ್ಲ. 'ದ ಟಾಲೆಸ್ಟ್ ಇನ್ ದ ಕ್ಲಾಸ್', 'ದ ಟಾಲೆಸ್ಟ್ ಆಫ್ ದ ತ್ರೀ'.

ಹಂತ 7: ವಿರುದ್ಧ ಪದದಿಂದ ತಾಳೆ ನೋಡಿ

ಟಾಲ್‌ಗೆ ವಿರುದ್ಧ ಶಾರ್ಟ್. ಹೈಗೆ ವಿರುದ್ಧ ಲೋ. ಅನುಮಾನ ಬಂದಾಗ ವಾಕ್ಯವನ್ನು ಉಲ್ಟಾ ಮಾಡಿ. 'ಲೋ ಹುಡುಗ' ಎನ್ನಲಾಗುವುದಿಲ್ಲ, ಹಾಗಾದರೆ 'ಹೈ ಹುಡುಗ'ನೂ ಇಲ್ಲ. 'ಲೋ ಬಿಪಿ' ಇದೆ, ಹಾಗಾಗಿ 'ಹೈ ಬಿಪಿ' ಇದೆ. ಪರೀಕ್ಷೆಯ ಕೊಠಡಿಯಲ್ಲಿ ನಿಘಂಟು ಇಲ್ಲದಾಗ ಇದಕ್ಕಿಂತ ಬೇಗ ಸಿಗುವ ದಾರಿ ಇನ್ನೊಂದಿಲ್ಲ.

ನೀರಿನ ಆಳಕ್ಕೆ ಇದ್ಯಾವುದೂ ಸಲ್ಲದು. ಮೊಣಕಾಲುದ್ದದ ಹುಲ್ಲು 'ನೀ-ಹೈ', ಮೊಣಕಾಲುದ್ದದ ನೀರು 'ನೀ-ಡೀಪ್'.

ಹಂತ 8: ಮೈಕಟ್ಟಿಗೆ ಸಂಬಂಧವಿಲ್ಲದ ಟಾಲ್

ಕೆಲವು ನುಡಿಗಟ್ಟುಗಳನ್ನು ಇಡಿಯಾಗಿಯೇ ಕಲಿಯಬೇಕು. 'ಟಾಲ್ ಆರ್ಡರ್' ಎಂದರೆ ಪೂರೈಸಲು ಬಲು ಕಷ್ಟವಾದ ಬೇಡಿಕೆ. 'ಟಾಲ್ ಸ್ಟೋರಿ' ನಂಬಲಾಗದ ಕಥೆ. 'ಟಾಲ್ ಕ್ಲೇಮ್ಸ್' ಬಡಾಯಿ ಮಾತು, ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಹಳ ಕಾಣುತ್ತದೆ. 'ಸ್ಟ್ಯಾಂಡ್ ಟಾಲ್' ಎಂದರೆ ತಲೆಯೆತ್ತಿ ನಿಲ್ಲು. ಈ ಕೊನೆಯದಕ್ಕೆ 'ಟಾಲಿ' ಎಂದು ಮಾಡಲು ಹೋಗಬೇಡಿ. ಕೊನೆಗೆ ಎಲ್-ವೈ ಸೇರಿಸಿದರೆ ಅದು ಲೆಕ್ಕ ತಾಳೆಯಾಗುವ 'ಟ್ಯಾಲಿ' ಆಗಿಬಿಡುತ್ತದೆ.

'ಟಾಲ್ ಲೀಡರ್' ಬಗ್ಗೆ ಎಚ್ಚರ. ಭಾರತದ ಪತ್ರಿಕೆಗಳಲ್ಲಿ ಇದು ದೊಡ್ಡ ಮಟ್ಟದ ನಾಯಕ ಎಂಬ ಅರ್ಥ ಕೊಡುತ್ತದೆ. ಬೇರೆ ದೇಶದವರು ಇದನ್ನು ಓದಿದರೆ ನಾಯಕರ ದೇಹದ ಎತ್ತರ ಎಂದುಕೊಳ್ಳಬಹುದು. ವಿದೇಶದ ಓದುಗರಿಗೆ ಬರೆಯುವಾಗ ಬೇರೆ ಪದ ಹಾಕಿ.

ಸ್ಟಾರ್‌ಬಕ್ಸ್‌ನಲ್ಲಿ 'ಟಾಲ್' ಎಂದರೆ ದೊಡ್ಡ ಲೋಟ ಬರುತ್ತದೆ ಎಂದುಕೊಳ್ಳಬೇಡಿ. ಅದು ಸುಮಾರು 355 ಮಿಲಿ, ಅಲ್ಲಿನ ಚಿಕ್ಕ ಅಳತೆಗಳಲ್ಲೇ ಒಂದು. ಗ್ರಾಂಡೆ, ವೆಂಟಿ ಅದಕ್ಕಿಂತ ದೊಡ್ಡವು.

ದಾರಿ ತಪ್ಪಿದ್ದೀರಿ ಎನ್ನುವ ಗುರುತುಗಳು

- ಮನುಷ್ಯನ ಬಗ್ಗೆ ಬರೆದ ವಾಕ್ಯದಲ್ಲಿ ಹೈ ಅಥವಾ ಲಾಂಗ್ ಇದೆ.
- ಒಂದೇ ವಾಕ್ಯದಲ್ಲಿ ಹೈಟ್ ಮತ್ತು ಟಾಲ್ ಎರಡೂ ಇವೆ. ಹೆಚ್ಚುಕಮ್ಮಿ ಯಾವಾಗಲೂ ಒಂದನ್ನು ತೆಗೆಯಬೇಕಾಗುತ್ತದೆ.
- ಅಡಿ, ಇಂಚಿನ ನಡುವೆ ಚುಕ್ಕೆ ಇದೆ.
- ಟಾಲ್ ಮುಂದೆ ಮೋರ್ ಇದೆ.
- ಜ್ವರ, ಬೆಲೆ, ಸಂಬಳದ ಪಕ್ಕದಲ್ಲಿ ಟಾಲ್ ಕೂತಿದೆ.
- ಹೇಳಿದ ಕೂಡಲೇ ಎದುರಿನವರು ಒಂದು ಕ್ಷಣ ತಡೆದರು. ಮೊದಲು ಪರೀಕ್ಷಿಸಬೇಕಾದ್ದು 'ಹಿ ಈಸ್ ಹೈ' ಎಂದಿರಾ ಎಂಬುದನ್ನು.

ಅಭ್ಯಾಸ

ಉತ್ತರ ಮುಚ್ಚಿಟ್ಟು ಮೊದಲು ನೀವೇ ಗಟ್ಟಿಯಾಗಿ ಹೇಳಿ. ತಪ್ಪಿದರೆ ಆವರಣದಲ್ಲಿರುವ ಹಂತಕ್ಕೆ ಹಿಂತಿರುಗಿ.

1. ತೆಂಗಿನ ಮರ ನಮ್ಮ ಮನೆಗಿಂತ ಎತ್ತರ: ದ ಕೋಕನಟ್ ಟ್ರೀ ಈಸ್ ಟಾಲರ್ ದ್ಯಾನ್ ಅವರ್ ಹೌಸ್. (ಹಂತ 6)
2. ಗಾಳಿಪಟ ತುಂಬಾ ಎತ್ತರಕ್ಕೆ ಹೋಗಿದೆ: ದ ಕೈಟ್ ಹ್ಯಾಸ್ ಗಾನ್ ವೆರಿ ಹೈ. (ಹಂತ 3)
3. ಅವಳ ಜಡೆ ಉದ್ದ, ಅವಳೂ ಉದ್ದ: ಹರ್ ಬ್ರೇಡ್ ಈಸ್ ಲಾಂಗ್, ಆ್ಯಂಡ್ ಶಿ ಈಸ್ ಟಾಲ್. (ಹಂತ 1)
4. ಅಕ್ಕ ತಂಗಿ ಒಂದೇ ಎತ್ತರ: ದ ಸಿಸ್ಟರ್ಸ್ ಆರ್ ದ ಸೇಮ್ ಹೈಟ್. (ಹಂತ 5)
5. ಆರಡಿ ಎತ್ತರದ ಕಾಂಪೌಂಡು: ಎ ಸಿಕ್ಸ್-ಫುಟ್-ಹೈ ಕಾಂಪೌಂಡ್ ವಾಲ್. (ಹಂತ 3, 4)
6. ನನ್ನ ತಮ್ಮ ಐದು ಅಡಿ ಹತ್ತು ಇಂಚು: ಮೈ ಬ್ರದರ್ ಈಸ್ ಫೈವ್ ಫೀಟ್ ಟೆನ್ ಇಂಚಸ್ ಟಾಲ್. ಬರೆಯುವಾಗ 5'10", ಸೆಂಟಿಮೀಟರ್‌ನಲ್ಲಿ 177.8. (ಹಂತ 4)